ಕೌದಿಯ ಹಿಂಬದಿ

ಅಟ್ಲಾಂಟಾದ ಮಗಳ ಮನೆಗೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಗುರೆಳ್ಳು ಚಟ್ನಿ, ಮೆಂತ್ಯದ ಹಿಟ್ಟು, ಖಡಕ್ ರೊಟ್ಟಿಗಳ ಕೆಳಗೆ ಒಂದು ಹಳೆಯ ಕೌದಿ ಇತ್ತು. ಅವ್ವನ ಎರಡು ಇಳಕಲ್ ಸೀರೆ, ಅಪ್ಪನ ಧೋತರಗಳು, ಅಜ್ಜಿಯ ಖಣದ ಕುಪ್ಪಸಗಳು ಎಲ್ಲ ಸೇರಿ ಆದ ಕೌದಿ ಅದು. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ 1974ರ ಬೇಸಿಗೆಯಲ್ಲಿ ಹೊಲಿಸಿದ್ದು. "ಅದರ ಬದ್ಲಿ ಇನ್ನೊಂದಿಷ್ಟು ರೊಟ್ಟಿ ತರಬಹುದಿತ್ತಲ್ಲವ್ವಾ" ಎಂದಳು ಮಗಳು. ಮೊಮ್ಮಗನಿಗೆ ಹಾಸಲು ತಂದೆ ಎಂದೆ. ಆದರೆ ಪರದೇಶದ ಆ ಮೆತ್ತನೆಯ ಹಾಸಿಗೆಯಲ್ಲಿ ಅದನ್ನು ಹೊದ್ದು ಮಲಗಿದವಳು ನಾನೇ.

ಮಗಳು, ಅಳಿಯ ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ನಾನು ಒಬ್ಬಳೇ ಕೂಡುತ್ತೇನೆಂದು ಮಗಳಿಗೆ ಕಳವಳ. ಊರಿನ ಗ್ರಂಥಾಲಯದ ಹಲಗೆಯ ಮೇಲೆ ಅವಳೊಂದು ಪ್ರಕಟಣೆ ನೋಡಿ ಬಂದಳು: ತಿಂಗಳ ಎರಡನೆಯ ಮಂಗಳವಾರ ಕ್ವಿಲ್ಟ್ ಹೊಲಿಯುವವರ ಸಭೆ, ಎಲ್ಲರಿಗೂ ಸ್ವಾಗತ. "ಕ್ವಿಲ್ಟ್ ಅಂದ್ರ ಕೌದೀನ ಅವ್ವಾ. ನಿನಗ ಹೇಳಿ ಮಾಡಿಸಿದಂಗದ" ಎಂದಳು. ನನಗೂ ಹಾಗೇ ಅನಿಸಿತು. ಭಾಷೆ ತೊಡಕಾದರೂ ಸೂಜಿ ದಾರ ಕೈಯಲ್ಲಿದ್ದರೆ ಹೆಂಗಸರು ಎಲ್ಲಿಯಾದರೂ ಹೊಂದಿಕೊಳ್ಳುತ್ತಾರೆ ಎಂದು ನಂಬಿದವಳು ನಾನು.

ಚರ್ಚಿನ ಹಿಂದಿನ ದೊಡ್ಡ ಕೋಣೆಯಲ್ಲಿ ಸಭೆ. ಬಾಗಿಲಲ್ಲಿ ನಿಂತಾಕೆ ನಕ್ಕು ಸ್ವಾಗತಿಸಿದಳು, ಹೆಸರು ಕೇಳಿ ಕಾಗದದ ಚೀಟಿಯ ಮೇಲೆ ಬರೆದು ಎದೆಗೆ ಅಂಟಿಸಿದಳು. ಉಳಿದವರೆಲ್ಲ ತಾವೇ ಬಟ್ಟೆಯಲ್ಲಿ ಹೊಲಿದ ಹೆಸರಿನ ಬಿಲ್ಲೆ ಧರಿಸಿದ್ದರು. ಆರೇಳು ಮೇಜು, ಪ್ರತಿ ಮೇಜಿನ ಸುತ್ತ ಎಂಟು ಕುರ್ಚಿ. ಖಾಲಿ ಕುರ್ಚಿಯ ಬಳಿ ಹೋದಾಗಲೆಲ್ಲ ಅದರ ಮೇಲೊಂದು ಚೀಲ. "ಕ್ಷಮಿಸಿ, ಇಲ್ಲಿ ಒಬ್ಬರು ಬರುತ್ತಾರೆ." ಮೂರು ಮೇಜಿನಲ್ಲಿ ಇದೇ ಮಾತು, ಇದೇ ನಗು. ಕೊನೆಗೆ ಗೋಡೆಗೆ ಆನಿಸಿದ್ದ ಒಂದು ಮಡಚುವ ಕುರ್ಚಿ ಬಿಡಿಸಿ ಹಿಂದೆ ಕೂತೆ. ಯಾರಿಗಾಗಿಯೋ ಹಿಡಿದಿಟ್ಟಿದ್ದ ಆ ಕುರ್ಚಿಗಳಲ್ಲಿ ಎರಡು ಸಭೆ ಮುಗಿಯುವವರೆಗೂ ಖಾಲಿಯೇ ಇದ್ದವು.

ಆದರೂ ಅವರ ಕೆಲಸ ಕಂಡು ನನ್ನ ಕಣ್ಣು ತಣಿದದ್ದು ಸುಳ್ಳಲ್ಲ. ಅಲ್ಲಿಯ ಕ್ವಿಲ್ಟಿಗೆ ಮೂರು ಪದರ. ಮೇಲೆ ತುಂಡು ಬಟ್ಟೆಗಳನ್ನು ಲೆಕ್ಕದಿಂದ ಜೋಡಿಸಿದ ಚಿತ್ತಾರ, ಕೆಳಗೊಂದು ಬಟ್ಟೆ, ನಡುವೆ ಬ್ಯಾಟಿಂಗ್ ಎಂಬ ಹತ್ತಿಯ ಮೆತ್ತೆ. ಮೂರನ್ನೂ ಹಿಡಿದು ಹೊಲಿಯುವ ಹೊಲಿಗೆಗೇ ಕ್ವಿಲ್ಟಿಂಗ್ ಎಂದು ಹೆಸರು. ತುಂಡುಗಳನ್ನು ಜೋಡಿಸುವಾಗ ಅಂಚಿನಿಂದ ಸರಿಯಾಗಿ ಕಾಲು ಇಂಚು ಬಿಡಬೇಕು. ಕೈಹೊಲಿಗೆಯಲ್ಲಿ ಪಳಗಿದವರು ಇಂಚಿಗೆ ಹತ್ತು ಹನ್ನೆರಡು ಹೊಲಿಗೆ ಹಾಕುತ್ತಾರೆ. ಕೊನೆಗೆ ಹಿಂಬದಿಯ ಮೂಲೆಯಲ್ಲಿ ಬಟ್ಟೆಯ ಚೀಟಿಯೊಂದನ್ನು ಹೊಲಿದು ಮಾಡಿದವಳ ಹೆಸರು, ಊರು, ವರ್ಷ ಬರೆಯುತ್ತಾರೆ. ಆ ಕೊನೆಯ ಪದ್ಧತಿ ನನಗೆ ಬಹಳ ಹಿಡಿಸಿತು.

ಎರಡನೆಯ ತಿಂಗಳು ಮತ್ತೆ ಹೋದೆ. ಇಷ್ಟು ದೊಡ್ಡ ಸಭೆಯೊಳಗೆ ಆರೆಂಟು ಜನರ ಸಣ್ಣ ಸಣ್ಣ ಗುಂಪುಗಳಿವೆ, ಅವರು ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಹೊಲಿಯುತ್ತಾರೆ ಎಂದು ತಿಳಿಯಿತು. ನಾನೂ ಬರಬಹುದೇ ಎಂದು ಎರಡು ಗುಂಪಿನವರನ್ನು ಕೇಳಿದೆ. "ನಮ್ಮದು ತುಂಬಿದೆ" ಎಂದರು ಒಬ್ಬರು. "ನೋಡಿ ಹೇಳುತ್ತೇವೆ" ಎಂದರು ಇನ್ನೊಬ್ಬರು. ಯಾರೂ ಒರಟಾಗಿ ಮಾತಾಡಲಿಲ್ಲ. ಬೈದಿದ್ದರೆ ಮಗಳ ಮುಂದೆ ಹೇಳಿಕೊಂಡು ಹಗುರಾಗಬಹುದಿತ್ತು. ಏನೂ ಆಗದೇ ಆದ ನೋವನ್ನು ಏನೆಂದು ಹೇಳುವುದು? "ಹೆಂಗಿತ್ತವ್ವಾ?" ಎಂದು ಕೇಳಿದಳು. "ಛಲೋ ಇತ್ತು" ಎಂದೆ.

ಮೂರನೆಯ ಸಲ ಕೌದಿಯನ್ನೇ ತೆಗೆದುಕೊಂಡು ಹೋದೆ. ಸಭೆಯ ಕೊನೆಗೆ ಪ್ರತಿಯೊಬ್ಬರೂ ತಾವು ಹೊಲಿದದ್ದನ್ನು ಬಿಡಿಸಿ ತೋರಿಸುವ ವಾಡಿಕೆ ಇದೆ. ಒಬ್ಬೊಬ್ಬರು ತೋರಿಸಿದಾಗಲೂ ಮೆಚ್ಚುಗೆಯ ಉದ್ಗಾರ, ಚಪ್ಪಾಳೆ. ನನ್ನ ಸರದಿ ಬಂದಾಗ ಕೌದಿಯನ್ನು ಮೇಜಿನ ಮೇಲೆ ಹಾಸಿದೆ. ಐವತ್ತು ವರ್ಷ ಹೊದ್ದು, ಒಗೆದು, ಬಿಸಿಲಿಗೆ ಹಾಕಿ ಅದರ ಬಣ್ಣ ಮಾಸಿದೆ. ಹೊಲಿಗೆ ಉದ್ದುದ್ದ, ಸಾಲು ಸಾಲಾಗಿ ಅಂಚಿನಿಂದ ನಡುವಿಗೆ ಸುತ್ತಿ ಬಂದಿದೆ. ಒಂದು ಕ್ಷಣ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಮುಂದೆ ಕೂತಿದ್ದ ಹಿರಿಯಾಕೆ ಎರಡು ಬೆರಳಿನಿಂದ ಅದರ ಅಂಚನ್ನು ಎತ್ತಿ ಕೇಳಿದಳು:

"ಇದನ್ನು ತೊಳೆದಿದ್ದೀರಾ?"

ತೊಳೆದಿದ್ದೇನೆ ಎಂದೆ. ಇನ್ನೊಬ್ಬಾಕೆ ನಡುವೆ ಬ್ಯಾಟಿಂಗ್ ಇದೆಯೇ ಎಂದು ಕೇಳಿದಳು. ಇಲ್ಲ, ಒಳಗೂ ಹಳೆಯ ಧೋತರಗಳೇ ಎಂದೆ. ಹಾಗಿದ್ದರೆ ಇದು ಕ್ವಿಲ್ಟ್ ಅಲ್ಲ, ವರ್ಷದ ಪ್ರದರ್ಶನಕ್ಕೆ ಇಡಲು ಬರುವುದಿಲ್ಲ ಎಂದು ನಯವಾಗಿ ವಿವರಿಸಿದಳು. ಹಿಂಬದಿ ತಿರುವಿ ನೋಡಿ, "ಚೀಟಿಯೂ ಇಲ್ಲ. ಯಾರು ಹೊಲಿದದ್ದು?" ಎಂದಳು. "ನಮ್ಮ ಅವ್ವ" ಎಂದೆ. ಕೌದಿ ಮಡಚಿ ಎದೆಗೊತ್ತಿಕೊಂಡು ಹಿಂದಿನ ಕುರ್ಚಿಗೆ ಬಂದು ಕೂತೆ. ಕಿವಿ ಬಿಸಿಯಾಗಿತ್ತು. ಆ ಕೋಣೆಗೆ ಮತ್ತೆ ನಾನು ಹೋಗಲಿಲ್ಲ.

ಆ ರಾತ್ರಿ ಮಗಳಿಗೆ ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅವ್ವಾ, ಅಲಬಾಮಾದಾಗ ಒಂದು ಊರದ. ಅಲ್ಲಿ ಹಳೇ ಅರಿವಿಯಿಂದನ ಕೌದಿ ಹೊಲೀತಾರ. ಹೋಗಿ ಬರೂಣು" ಎಂದಳು.

*

ಆ ಊರು ಗೀಸ್ ಬೆಂಡ್. ನಕ್ಷೆಯಲ್ಲಿ ಅದರ ಹೆಸರು ಬಾಯ್ಕಿನ್. ಅಲಬಾಮಾ ನದಿ ಕುದುರೆಲಾಳದಂತೆ ತಿರುಗಿದ ತಿರುವಿನೊಳಗೆ, ಮೂರು ಕಡೆ ನೀರಿರುವ ಊರು. ಬೆಳಗಿನ ಜಾವ ಹೊರಟು ಮಾಂಟ್‌ಗೊಮರಿ ದಾಟಿ ಸೆಲ್ಮಾ ಸೇರಿದೆವು. 1965ರ ಮಾರ್ಚ್ 7ರಂದು ಮತದಾನದ ಹಕ್ಕಿಗಾಗಿ ನಡೆದು ಹೊರಟ ಕಪ್ಪು ಜನರನ್ನು ಪೊಲೀಸರು ಬಡಿದು ಹಿಂದಟ್ಟಿದ ಎಡ್ಮಂಡ್ ಪೆಟಸ್ ಸೇತುವೆ ಅಲ್ಲಿದೆ. ಅದರ ಮೇಲೆ ಸ್ವಲ್ಪ ದೂರ ನಡೆದೆವು. ಕೆಳಗೆ ಅದೇ ಅಲಬಾಮಾ ನದಿ, ಕಂದು ಬಣ್ಣದ ನಿಧಾನದ ನೀರು.

ಸೆಲ್ಮಾ ಬಿಟ್ಟು ದಕ್ಷಿಣಕ್ಕೆ ಹೊರಟರೆ ಎರಡೂ ಕಡೆ ಹೊಲ, ಪೈನ್ ಮರಗಳ ತೋಪು, ಬಾಗಿಲು ಮುಚ್ಚಿದ ಅಂಗಡಿಗಳು. ಈ ಸೀಮೆಗೆ ಬ್ಲ್ಯಾಕ್ ಬೆಲ್ಟ್ ಎಂದು ಹೆಸರು ಬಂದದ್ದು ಮೊದಲಿಗೆ ಮಣ್ಣಿನ ಬಣ್ಣದಿಂದ. ನಮ್ಮ ಎರೆಭೂಮಿಯ ಹಾಗೆ ಇದೂ ಹತ್ತಿಯ ನೆಲ. ಈ ಎರಡು ನೆಲಗಳಿಗೆ ನಂಟೂ ಇದೆ. 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ಹತ್ತಿಯ ಬೀಜ ತರಿಸಿ ಧಾರವಾಡ ಸೀಮೆಯಲ್ಲಿ ಬಿತ್ತಿಸಿದರು. ಅದು ನಮ್ಮಲ್ಲಿ ಬೇರೂರಿ ಧಾರವಾಡ-ಅಮೆರಿಕನ್ ಎಂದೇ ಹೆಸರಾಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂತು. ಅಪ್ಪನ ಧೋತರದ ನೂಲಿನ ಮೂಲ ಹುಡುಕಿಕೊಂಡು ಹೋದರೆ ಈ ಮಣ್ಣಿನ ತನಕ ಬಂದರೂ ಬಂದೀತು ಎನಿಸಿತು.

ನದಿಯ ಈಚೆ ದಡದಲ್ಲಿ ಕ್ಯಾಮ್ಡನ್. ಅದು ವಿಲ್ಕಾಕ್ಸ್ ಕೌಂಟಿಯ ಮುಖ್ಯ ಪಟ್ಟಣ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕಚೇರಿ ಇದ್ದದ್ದು ಅಲ್ಲಿಯೇ. ಗೀಸ್ ಬೆಂಡಿನ ಜನ ದೋಣಿ ಹತ್ತಿ ಆ ಕಚೇರಿಗೆ ಬರತೊಡಗಿದಾಗ, 1962ರಲ್ಲಿ, ದೋಣಿಯನ್ನೇ ನಿಲ್ಲಿಸಿಬಿಟ್ಟರು. ಎದುರಿಗೆ ಕಾಣುವ ದಡಕ್ಕೆ ರಸ್ತೆಯಲ್ಲಿ ಸುತ್ತಿ ಹೋಗಲು ಸುಮಾರು 40 ಮೈಲಿ. ಮತ್ತೆ ದೋಣಿ ಬಂದದ್ದು 2006ರಲ್ಲಿ. ನಲವತ್ತನಾಲ್ಕು ವರ್ಷ! ಕುರ್ಚಿಯ ಮೇಲೆ ಚೀಲ ಇಡುವುದಕ್ಕೂ ನದಿಯಿಂದ ದೋಣಿ ತೆಗೆಯುವುದಕ್ಕೂ ಹೋಲಿಕೆ ಇಲ್ಲ, ನನಗದು ಗೊತ್ತು. ಆದರೂ ದೋಣಿಯ ಕಟಕಟೆ ಹಿಡಿದು ನಿಂತಾಗ ನನ್ನ ಸಣ್ಣ ನೋವು ಇವರ ದೊಡ್ಡ ನೋವನ್ನು ಮುಟ್ಟಿ ನೋಡುವ ದಾರಿಯಾಯಿತು. ಬೇಡವೆಂದು ಬಾಯಿ ಬಿಟ್ಟು ಹೇಳದೆ, ಬರುವ ದಾರಿಯನ್ನಷ್ಟೇ ತೆಗೆದುಬಿಡುವ ಕ್ರಮ ಎರಡರಲ್ಲೂ ಇತ್ತು. ಈಗಿನ ದೋಣಿ ಬ್ಯಾಟರಿಯಿಂದ ನಡೆಯುವಂಥದ್ದು. ಸದ್ದಿಲ್ಲದೆ ಆಚೆ ದಡ ಮುಟ್ಟಿತು.

*

1816ರಲ್ಲಿ ಜೋಸೆಫ್ ಗೀ ಎಂಬ ಜಮೀನುದಾರ ಇಲ್ಲಿ ಹತ್ತಿಯ ತೋಟ ಹಾಕಿದ. ಊರಿಗೆ ಅವನ ಹೆಸರು ಉಳಿಯಿತು. 1845ರಲ್ಲಿ ತೋಟ ಮಾರ್ಕ್ ಪೆಟ್ವೇ ಎಂಬವನ ಕೈಗೆ ಬಂತು. ಅವನ ಗುಲಾಮರಾಗಿ ದುಡಿದವರಿಗೆ ಪೆಟ್ವೇ ಎಂಬುದೇ ಅಡ್ಡಹೆಸರಾಯಿತು. ಗುಲಾಮಗಿರಿ ಹೋದ ಮೇಲೂ ಅವರ ಮಕ್ಕಳು, ಮೊಮ್ಮಕ್ಕಳು ಇದೇ ನೆಲದಲ್ಲಿ ಗೇಣಿಗೆ ದುಡಿದರು. 1932ರಲ್ಲಿ ಸಾಲದ ಲೆಕ್ಕ ತೋರಿಸಿ ಅವರ ಮನೆಗಳಿಂದ ದನ, ಗಾಡಿ, ನೇಗಿಲು, ಕಾಳು ಎಲ್ಲವನ್ನೂ ಹೊತ್ತೊಯ್ದರು. ಅಂಥ ಚಳಿಗಾಲಗಳಲ್ಲಿ ಮಕ್ಕಳನ್ನು ಕಾಪಾಡಿದ್ದು ಹರಿದ ಪ್ಯಾಂಟು, ಅಂಗಿ, ಹಿಟ್ಟಿನ ಚೀಲಗಳಿಂದ ಹೆಂಗಸರು ಹೊಲಿದ ಕೌದಿಗಳು. 1942ರಲ್ಲಿ ಮಿಸ್ಸೂರಿ ಪೆಟ್ವೇ ತೀರಿಹೋದ ಗಂಡನ ಕೆಲಸದ ಬಟ್ಟೆಗಳನ್ನು ಹರಿದು, ಅವನನ್ನೇ ಹೊದ್ದು ಮಲಗುವ ಹಾಗೆ ಒಂದು ಕೌದಿ ಹೊಲಿದಳು. ಮೊಣಕಾಲಿನ ಜಾಗದ ಮಾಸಲು ಬಣ್ಣ, ಕಿಸೆ ಬಿಚ್ಚಿದ ಜಾಗದ ಗಾಢ ಬಣ್ಣ ಅದರಲ್ಲಿ ಹಾಗೆಯೇ ಕಾಣುತ್ತವೆ.

1966ರಲ್ಲಿ ಈ ಸೀಮೆಯ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿದರು. ಮತದಾನಕ್ಕೆ ಹೆಸರು ಕೊಟ್ಟದ್ದಕ್ಕೆ ಮನೆ, ಕೆಲಸ ಕಳೆದುಕೊಂಡವರಿಗೆ ಅದು ಆಸರೆಯಾಯಿತು. 2002ರಲ್ಲಿ ಇಲ್ಲಿಯ ಕೌದಿಗಳು ಹ್ಯೂಸ್ಟನ್ನಿನ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಕಲಾಸಂಗ್ರಹಾಲಯದ ಗೋಡೆಗಳನ್ನೇರಿದವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಹತ್ತು ಕೌದಿಗಳ ಅಂಚೆಚೀಟಿ ತಂದಿತು. ಮೇರಿ ಲೀ ಬೆಂಡಾಲ್ಫ್, ಲೂಸಿ ಮಿಂಗೊ, ಲೊರೆಟಾ ಪೆಟ್ವೇ ಈ ಮೂವರಿಗೆ 2015ರಲ್ಲಿ ಜನಪದ ಕಲೆಯ ರಾಷ್ಟ್ರೀಯ ಗೌರವ ಸಂದಿತು. ಊರಿನ ರಸ್ತೆಯ ಬದಿಯಲ್ಲಿ ಅಂಚೆಚೀಟಿಯಲ್ಲಿ ಬಂದ ಕೌದಿಗಳನ್ನೇ ದೊಡ್ಡ ಹಲಗೆಗಳ ಮೇಲೆ ಬರೆದು ನಿಲ್ಲಿಸಿದ್ದಾರೆ.

ಹೆಂಗಸರು ಸೇರಿ ಹೊಲಿಯುವ ಹಳೆಯ ಕಟ್ಟಡದಲ್ಲಿ ಆ ದಿನ ಇದ್ದವರು ನಾಲ್ವರು. ಒಳಗೆ ಹೆಜ್ಜೆ ಇಡುವಾಗ ನನ್ನ ಕಣ್ಣು ತಾನಾಗಿ ಕುರ್ಚಿಗಳ ಕಡೆ ಹೋಯಿತು. ಒಬ್ಬ ಹಿರಿಯಾಕೆ ಏನೂ ಕೇಳದೆ ತನ್ನ ಪಕ್ಕದ ಕುರ್ಚಿಯಲ್ಲಿದ್ದ ಬಟ್ಟೆಯ ರಾಶಿಯನ್ನು ನೆಲಕ್ಕಿಳಿಸಿದಳು. ಕೂತೆ. ಮಗಳು ಚೀಲದಿಂದ ಕೌದಿ ತೆಗೆದು ಹಾಸಿದಳು. ಆ ಹಿರಿಯಾಕೆ ಎರಡೂ ಅಂಗೈ ಚಾಚಿ ಅದರ ಮೇಲೆ ಇಟ್ಟಳು, ದಪ್ಪ ನೋಡುವ ಹಾಗೆ ಒತ್ತಿದಳು. ನಾನು ಒಳಗಿನ ಧೋತರಗಳ ಸಂಗತಿ ಹೇಳಿದೆ. ತನ್ನ ತಾಯಿಯೂ ಹಳೆಯ ಬಟ್ಟೆಯನ್ನೇ ಒಳಗೆ ಹಾಕುತ್ತಿದ್ದಳು ಎಂದಳು. ಕರ್ನಾಟಕದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನರಿದ್ದಾರೆ, ಅವರ ಹೆಂಗಸರು ಹೊಲಿಯುವ ಕವಂದಿ ನಿಮ್ಮ ಕೌದಿಗಳ ಅಕ್ಕತಂಗಿಯ ಹಾಗೆ ಕಾಣುತ್ತದೆ ಎಂದು ಮಗಳು ಹೇಳಿದಾಗ ನಾಲ್ವರೂ ಹೊಲಿಗೆ ನಿಲ್ಲಿಸಿ ಕೇಳಿದರು.

ಆಮೇಲೆ ಹಿರಿಯಾಕೆ ಕೌದಿಯನ್ನು ತಿರುವಿ ಹಿಂಬದಿ ನೋಡಿದಳು. ಹೊಲಿಯುವವರು ಎಲ್ಲಿಯಾದರೂ ಹಿಂಬದಿಯನ್ನು ನೋಡದೆ ಬಿಡುವುದಿಲ್ಲ. ನೋಡಿ ಕೇಳಿದಳು: "ಇದನ್ನು ಹೊಲಿದವರು ಯಾರು?"

ಚರ್ಚಿನ ಕೋಣೆಯಲ್ಲಿ ಕೇಳಿದ್ದ ಪ್ರಶ್ನೆಯೇ. ಅಲ್ಲಿ ಹೇಳಿದ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಎರಡು ಅಂಗೈಗಳು ಕೌದಿಯ ಮೇಲಿರುವಾಗ ಸುಳ್ಳು ಹೇಳಲು ಆಗಲಿಲ್ಲ. ಅವ್ವ ಕೊಟ್ಟದ್ದು ಸೀರೆ ಮಾತ್ರ. ಕೌದಿ ಹೊಲಿದವಳು ಬೇರೆ.

"ನಮ್ಮ ಓಣಿಗೆ ಬರುತ್ತಿದ್ದ ಒಬ್ಬ ಹೆಂಗಸು" ಎಂದೆ.

"ಆಕೆಯ ಹೆಸರು?"

*

ಹೋಳಿ ಹುಣ್ಣಿಮೆ ಮುಗಿದು ಬಿಸಿಲು ಬಲಿತ ಮೇಲೆ ಓಣಿಯ ತುದಿಯಲ್ಲಿ ಕೂಗು ಕೇಳುತ್ತಿತ್ತು: "ಕೌದಿ ಹೊಲಸ್ತೀರೇನ್ರೀ ಅವ್ವಾರೀ..." ಊರಿಂದ ಊರಿಗೆ ಹೋಗುವ ಅಲೆಮಾರಿ ಹೆಣ್ಣುಮಗಳು. ಬಗಲಲ್ಲಿ ಕೂಸು, ತಲೆಯ ಮೇಲೆ ಗಂಟು. ಅಜ್ಜಿ ಅಂಗಳದ ಪಾರಿಜಾತದ ಕೆಳಗೆ ಜಾಗ ತೋರಿಸುತ್ತಿದ್ದಳು. ಅವ್ವ ವರ್ಷವಿಡೀ ಕೂಡಿಟ್ಟ ಹಳೆಯ ಸೀರೆ, ಧೋತರಗಳನ್ನು ಕಟ್ಟೆಯ ಮೇಲಿನಿಂದ ಕೆಳಗೆ ಹಾಕುತ್ತಿದ್ದಳು. ಆಕೆ ಅವನ್ನು ನೆಲದ ಮೇಲೆ ಪದರ ಪದರವಾಗಿ ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರಿ, ಅಂಗೈಯಿಂದ ಸುಕ್ಕು ತೀಡಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಅಂಚಿನಿಂದ ಹೊಲಿಗೆ ಶುರು ಮಾಡುತ್ತಿದ್ದಳು. ಸುತ್ತು ಸುತ್ತಾಗಿ ನಡುವಿಗೆ ಬರುವ ಹೊತ್ತಿಗೆ ನಾಲ್ಕೈದು ದಿನ. ಕೊನೆಯ ತೇಪೆ ಮುಚ್ಚುವ ಮುಂಚೆ ನಾಲ್ಕು ಕಾಳು ಜೋಳ ಬೇಡಿ ಒಳಗೆ ಹಾಕುತ್ತಿದ್ದಳು. ಯಾಕೆಂದು ನಾನು ಕೇಳಿದ್ದೆ. "ಕೌದಿ ಹೊಟ್ಟಿ ಬರಿದಾಗಬಾರದವ್ವಾ" ಎಂದಿದ್ದಳು.

ಮಧ್ಯಾಹ್ನ ಅವ್ವ ಎಲೆಯಲ್ಲಿ ಭಕ್ಕರಿ, ಪಲ್ಯ ತಂದು ತುಸು ದೂರದಲ್ಲಿ ಇಡುತ್ತಿದ್ದಳು. ನೀರನ್ನು ಎತ್ತರದಿಂದ ಆಕೆಯ ಬೊಗಸೆಗೆ ಸುರಿಯುತ್ತಿದ್ದಳು. ಮಳೆ ಹನಿದ ದಿನ ಆಕೆ ಕೂಸನ್ನು ಎತ್ತಿಕೊಂಡು ಕಟ್ಟೆಯ ಸೂರಿನ ಕೆಳಗೆ ನಿಂತಿದ್ದಳೇ ಹೊರತು ಹೊಸ್ತಿಲ ಕಡೆ ಬರಲಿಲ್ಲ. ಬಾ ಎಂದು ನಾವು ಕರೆಯಲಿಲ್ಲ. ಕೌದಿ ಮುಗಿದು, ಜೋಳ, ರೊಕ್ಕ ಅಳೆದು ಕೊಟ್ಟು ಆಕೆ ಓಣಿ ದಾಟಿದ ಮೇಲೆ, ಅಜ್ಜಿ ಅದನ್ನು ಕೋಲಿನಿಂದ ಎತ್ತಿ ಹಿತ್ತಲ ಬಾವಿಕಟ್ಟೆಗೆ ಒಯ್ಯುತ್ತಿದ್ದಳು. ನಾನು ನೀರು ಸೇದಿ ಹಾಕುತ್ತಿದ್ದೆ. ತೊಳೆಯದ ಹೊರತು ಹೊಸ ಕೌದಿ ನಮ್ಮ ಮನೆಯೊಳಗೆ ಬರುತ್ತಿರಲಿಲ್ಲ.

"ಇದನ್ನು ತೊಳೆದಿದ್ದೀರಾ?"

ಆ ಮಾತು ನನಗೆ ಅಷ್ಟು ನಾಟಿದ್ದು ಯಾಕೆಂದು ಗೀಸ್ ಬೆಂಡಿನ ಆ ಕುರ್ಚಿಯಲ್ಲಿ ಕೂತಾಗ ತಿಳಿಯಿತು. ಅದು ನನ್ನದೇ ಮನೆಯ ಮಾತು. ಎರಡು ಬೆರಳಿನಿಂದ ಅಂಚು ಎತ್ತಿದಾಕೆಗಿಂತ, ಕೋಲಿನಿಂದ ಎತ್ತಿದ ನಮ್ಮಜ್ಜಿ, ನೀರು ಸೇದಿದ ನಾನು ಹೆಚ್ಚಿನವರಾಗಿರಲಿಲ್ಲ. ಆ ಸಭೆಯವರು ಬಹುಶಃ ಮೂವತ್ತು ವರ್ಷ ಜೊತೆಯಲ್ಲಿ ಹೊಲಿದವರು, ಒಬ್ಬರ ಸಾವುನೋವಿಗೆ ಇನ್ನೊಬ್ಬರಾದವರು. ಅವರ ಮೇಜಿಗೆ ಅವರದೇ ಬೆಚ್ಚಗಿನ ಬದುಕಿತ್ತು. ನಮ್ಮ ಮನೆಗೂ ಇತ್ತು. ಒಳಗೆ ಬೆಚ್ಚಗಿರುವವರಿಗೆ ಹೊರಗೆ ನಿಂತವರ ಚಳಿ ತಿಳಿಯುವುದಿಲ್ಲ. ನಾನು ಮೂರು ಮಂಗಳವಾರ ನಿಂತಷ್ಟಕ್ಕೇ ಮೈ ನಡುಗಿತು. ಆಕೆ ಎಷ್ಟು ಊರಿನ ಎಷ್ಟು ಅಂಗಳಗಳಲ್ಲಿ, ಎಷ್ಟು ವರ್ಷ!

"ಹೆಸರು ಗೊತ್ತಿಲ್ಲ" ಎಂದೆ. ಹಿರಿಯಾಕೆ ನನ್ನನ್ನು ತಪ್ಪಿತಸ್ಥಳಂತೆ ನೋಡಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ತಾನು ಹೊಲಿಯುತ್ತಿದ್ದುದನ್ನು ತಿರುವಿ ಮೂಲೆ ತೋರಿಸಿದಳು. ಕೆಂಪು ದಾರದಲ್ಲಿ ಆಕೆಯ ಹೆಸರಿತ್ತು. ಅಡ್ಡಹೆಸರು ಪೆಟ್ವೇ, ಅಂದಿನ ಮಾಲೀಕನದು. ಅದರ ಹಿಂದೆ ಆಕೆಯ ತಾಯಿ ಇಟ್ಟ ಹೆಸರು, ದೊಡ್ಡ ಅಕ್ಷರದಲ್ಲಿ.

*

ಧಾರವಾಡಕ್ಕೆ ಮರಳಿ ಬಂದ ಮೇಲೆ ಕೇಳುತ್ತ ಹೋದೆ. ಅಣ್ಣನಿಗೆ ಆಕೆಯ ಕೂಗು ನೆನಪಿತ್ತು. ಅಣಕಿಸಿ ತೋರಿಸಹೋಗಿ ಅರ್ಧಕ್ಕೇ ನಿಲ್ಲಿಸಿದ. ಎದುರುಮನೆಯ ಹಿರಿಯರಿಗೆ ಒಂದು ಕೌದಿಗೆ ಎಷ್ಟು ಜೋಳ ಕೊಡುತ್ತಿದ್ದೆವು ಎಂಬುದು ಸೇರು ಪಾವಿನ ಲೆಕ್ಕದಲ್ಲಿ ನೆನಪಿತ್ತು. ಹುಬ್ಬಳ್ಳಿಯಲ್ಲಿರುವ ಚಿಕ್ಕಮ್ಮನಿಗೆ ಆಕೆಯ ಹಸಿರು ಸೀರೆ, ಮುಂಗೈಯ ಹಚ್ಚೆ ನೆನಪಿತ್ತು. "ಹೆಸರೇನಿತ್ತು ಚಿಕ್ಕಮ್ಮಾ?" ಎಂದೆ. "ಹೆಸರು... ಕೌದಿಯಾಕಿ ಅಂತಿದ್ವಿ ನೋಡವಾ" ಎಂದಳು. ಐದಾರು ಬೇಸಿಗೆ ಬಂದು ನಮ್ಮ ಅಂಗಳದಲ್ಲಿ ಕೂತವಳ ಹೆಸರು ನಾಲ್ಕು ಮನೆಗಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಈ ವರ್ಷ ಮಗಳ ಮನೆಗೆ ಹೊರಡುವ ಮುಂಚೆ ಬಿಳಿಯ ಬಟ್ಟೆಯ ಒಂದು ತುಂಡು ಕತ್ತರಿಸಿ ಕೆಂಪು ದಾರ ಪೋಣಿಸಿದೆ. ಕಣ್ಣು ಮೊದಲಿನ ಹಾಗಿಲ್ಲ. ಕೆಲವೇ ಮಾತಿಗೆ ಮೂರು ದಿನ ಹಿಡಿಯಿತು. ಆ ಚೀಟಿಯನ್ನು ಕೌದಿಯ ಹಿಂಬದಿಯ ಮೂಲೆಗಿಟ್ಟು ಸುತ್ತಲೂ ಹೊಲಿದೆ. ಅದರ ಮೇಲೆ ಹೀಗಿದೆ:

"ಇದನ್ನು ಹೊಲಿದಾಕಿ ನಮ್ಮ ಅಂಗಳದಾಗ ಕೂತಿದ್ದಳು. ಹೆಸರು ನಾವು ಕೇಳಲಿಲ್ಲ. ಧಾರವಾಡ, 1974."